ಓಲ್ಗಾ ಸಮರಾಫ್ ಬಗ್ಗೆ ಮಾತಾಡೋಣ: ಭುಜಕ್ಕೆ ಪೆಟ್ಟು ಬಿದ್ದ ಮೇಲೆ 'ಮೇಡಂ' ಆದವರು

ಕರಿಮನೆ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತೇನೆ. ಹೋದ ವರ್ಷ ನನ್ನ ಬಲ ಭುಜ ಹಿಡಿದುಕೊಂಡಿತು. ಕೈ ಮೇಲೆತ್ತಿ ಕಪಾಟಿನ ಡಬ್ಬ ತೆಗೆಯಲು ಆಗುತ್ತಿರಲಿಲ್ಲ. ಜಡೆ ಹಾಕಲು ಮಗಳನ್ನು ಕರೆಯಬೇಕಿತ್ತು. ನುಡಿಸುವುದಂತೂ ನಿಂತೇಹೋಯಿತು. ನುಡಿಸಲು ಬಾರದ ಕೈ ಇಟ್ಟುಕೊಂಡು ಪಾಠ ಹೇಗೆ ಮಾಡೋದು, ಮಕ್ಕಳನ್ನು ಬೇರೆಯವರ ಹತ್ತಿರ ಕಳಿಸಿಬಿಡೋಣ ಅಂತ ಯೋಚಿಸುತ್ತಿದ್ದೆ. ಆ ದಿನಗಳಲ್ಲೇ ಪಿಯಾನೊ ವಾದಕಿ ಓಲ್ಗಾ ಸಮರಾಫ್ ಅವರ ಬದುಕಿನ ಬಗ್ಗೆ ಓದಿದೆ. ಅವತ್ತಿನಿಂದ ಇವರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತಲೇ ಇದೆ.

ಹೆಸರು ಕೇಳಿದರೆ ರಷ್ಯಾದವರು ಅನ್ನಿಸುತ್ತೆ, ಅಲ್ವಾ? ಹುಟ್ಟಿದ್ದು ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿ, 1880ರಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಲೂಸಿ ಹಿಕನ್‌ಲೂಪರ್. ಬೆಳೆದದ್ದು ಗ್ಯಾಲ್ವೆಸ್ಟನ್ ಅನ್ನೋ ಕಡಲತೀರದ ಊರಲ್ಲಿ. ಅಜ್ಜಿ ಕಛೇರಿ ಕೊಟ್ಟಿದ್ದ ಪಿಯಾನೊ ವಾದಕಿ. ಮೊಮ್ಮಗಳ ಕೈಯಲ್ಲಿ ಏನಿದೆ ಅಂತ ಕಂಡುಕೊಂಡಿದ್ದು ಆಕೆ. ಹದಿಹರೆಯದ ಹುಡುಗಿಯನ್ನು ಪ್ಯಾರಿಸ್ಸಿಗೆ ಕರೆದುಕೊಂಡು ಹೋಗಿ ಜೊತೆಗಿದ್ದದ್ದೂ ಅಜ್ಜಿಯೇ. ಅಲ್ಲಿನ ಕನ್ಸರ್ವೇಟರಿ ಅನ್ನೋ ಸಂಗೀತ ಶಾಲೆಯಲ್ಲಿ ಎಲೀ ದೆಲಬೋರ್ಡ್ ಅವರ ತರಗತಿ. ಆಮೇಲೆ ಬರ್ಲಿನ್ನಿನಲ್ಲಿ ಪಾಠ. ಅಲ್ಲೇ ಒಬ್ಬ ರಷ್ಯನ್ ಎಂಜಿನಿಯರ್ ಜೊತೆ ಮದುವೆ. ಅದು ಉಳಿಯಲಿಲ್ಲ.

ಅಷ್ಟರಲ್ಲಿ 1900ರ ಸೆಪ್ಟೆಂಬರ್‌ನಲ್ಲಿ ಗ್ಯಾಲ್ವೆಸ್ಟನ್‌ಗೆ ಚಂಡಮಾರುತ ಬಡಿಯಿತು. ಸಾವಿರಾರು ಜನ ಸತ್ತರು. ಇವರ ಮನೆಯವರ ವ್ಯಾಪಾರವೂ ಮುಳುಗಿತು. ಮದುವೆ ಮುರಿದುಕೊಂಡು ವಾಪಸ್ ಬಂದ ಹೆಣ್ಣುಮಗಳಿಗೆ ಒರಗಿಕೊಳ್ಳಲು ತವರಿನಲ್ಲಿ ಏನೂ ಉಳಿದಿರಲಿಲ್ಲ. ಇದ್ದದ್ದು ಎರಡು ಕೈ, ಹತ್ತು ಬೆರಳು. ಇನ್ನುಳಿದದ್ದನ್ನು ಆಮೇಲೆ ಬರೆಯುತ್ತೇನೆ. ಇವರ ಬಗ್ಗೆ ಗೊತ್ತಿರುವವರು ದಯವಿಟ್ಟು ಸೇರಿಕೊಳ್ಳಿ.

ತುಂಗಾತೀರ
ಹೆಸರು ಬದಲಾಯಿಸಿದ್ದು ಯಾಕೆ ಅಂತ ಹೇಳಿ ಮೇಡಂ. ಮದುವೆ ಮುರಿದ ಮೇಲೆ ಗುರುತು ಸಿಗಬಾರದು ಅಂತಾನಾ?

ಕರಿಮನೆ
ಅದಲ್ಲ. ಆಕೆಯ ಕಛೇರಿಗಳನ್ನು ಗೊತ್ತುಮಾಡಬೇಕಿದ್ದ ಏಜೆಂಟ್ ಹೇಳಿದ್ದು. ಆ ಕಾಲಕ್ಕೆ ಅಮೆರಿಕದಲ್ಲೇ ಹುಟ್ಟಿದವರು ಒಳ್ಳೆಯ ಪಿಯಾನೊ ನುಡಿಸುತ್ತಾರೆ ಅಂದರೆ ಅಮೆರಿಕದವರೇ ನಂಬುತ್ತಿರಲಿಲ್ಲ. ಸಂಗೀತ ಅಂದರೆ ಯೂರೋಪು. 'ಲೂಸಿ ಹಿಕನ್‌ಲೂಪರ್' ಅಂತ ಪೋಸ್ಟರ್ ಹಾಕಿದರೆ ಟಿಕೆಟ್ ಹೋಗಲ್ಲ. ಕುಟುಂಬದಲ್ಲಿ ದೂರದ ಸಂಬಂಧಿಕರೊಬ್ಬರ ಹೆಸರು ಸಮರಾಫ್ ಅಂತ ಇತ್ತು. ಅದನ್ನೇ ತೆಗೆದುಕೊಂಡರು.

ನನಗೆ ಇದನ್ನು ಓದಿ ಬೇಜಾರಾಯಿತು. ಅಷ್ಟು ವರ್ಷ ಕಲಿತು ಬಂದ ಮೇಲೆ ಬಾಗಿಲಲ್ಲೇ ಹೆಸರು ಬಿಚ್ಚಿಟ್ಟು ಒಳಗೆ ಬಾ ಅಂದ ಹಾಗೆ. ಆದರೆ ಹಾಗೆ ಒಳಗೆ ಬಂದ ರೀತಿ ನೋಡಿ. 1905ರ ಜನವರಿ 18. ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಯಾರೋ ಕರೆಯಲಿ ಅಂತ ಕಾಯಲಿಲ್ಲ. ಹಾಲ್ ತಾವೇ ಬಾಡಿಗೆಗೆ ಹಿಡಿದರು. ನ್ಯೂಯಾರ್ಕ್ ಸಿಂಫನಿ ಆರ್ಕೆಸ್ಟ್ರಾವನ್ನೂ ಕಂಡಕ್ಟರ್ ವಾಲ್ಟರ್ ಡ್ಯಾಮ್ರೋಷ್ ಅವರನ್ನೂ ತಾವೇ ಗೊತ್ತುಮಾಡಿದರು. ವಯಸ್ಸು 24. ನಮ್ಮಲ್ಲಿ ಮಗಳ ರಂಗಪ್ರವೇಶಕ್ಕೆ ಅಪ್ಪ ಅಮ್ಮ ಸಾಲ ಮಾಡಿ ಓಡಾಡುವುದನ್ನು ನೋಡಿದ್ದೇವೆ. ಇಲ್ಲಿ ಆ ಓಡಾಟವೆಲ್ಲ ಆಕೆಯದೇ.

ಹಳೇ ರೆಕಾರ್ಡು
ಒಳ್ಳೆಯ ಚರ್ಚೆ. ನಾನು 78 ಸುತ್ತಿನ ಹಳೇ ಗ್ರಾಮಫೋನ್ ತಟ್ಟೆಗಳನ್ನು ಕೂಡಿಡುವವನು. ಸಮರಾಫ್ 1920ರ ದಶಕದಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಗೆ ನುಡಿಸಿದ್ದಾರೆ. ಕೇಳುವ ಮುಂಚೆ ಒಂದು ವಿಷಯ ತಿಳಿದಿದ್ದರೆ ಒಳ್ಳೆಯದು. 1925ರವರೆಗೆ ರೆಕಾರ್ಡ್ ಮಾಡಲು ಮೈಕ್ ಬಳಸುತ್ತಿರಲಿಲ್ಲ. ಸದ್ದು ಒಂದು ದೊಡ್ಡ ಕಹಳೆಯೊಳಗೆ ಹೋಗಿ, ತುದಿಯಲ್ಲಿನ ಸೂಜಿಯನ್ನು ಅಲುಗಿಸಿ, ಮೇಣದ ಮೇಲೆ ಗೀರು ಬೀಳಬೇಕು. ಪಿಯಾನೊಗೆ ಇದು ದೊಡ್ಡ ಕಷ್ಟ. ಎಡಗೈಯ ಮಂದ್ರ ಸ್ವರಗಳು ಸರಿಯಾಗಿ ಬೀಳುವುದೇ ಇಲ್ಲ. ಮೆಲ್ಲಗೆ ನುಡಿಸಿದರೆ ಗರಗರ ಸದ್ದಿನಲ್ಲಿ ಮುಳುಗಿಹೋಗುತ್ತೆ. ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಮುಗಿಸಬೇಕು.

ಅಂಥದ್ದರಲ್ಲೂ ಈಕೆಯ ಬಲಗೈ ಮಾತಾಡುವುದು ಕೇಳಿಸುತ್ತೆ. ನಾನು ಮೊದಲ ಸಲ ಕೇಳಿದಾಗ ರಾತ್ರಿ ಹನ್ನೊಂದಾಗಿತ್ತು. ಮನೆಯವರು ಮಲಗಿದ್ದರು. ಸದ್ದು ತೀರಾ ಕಮ್ಮಿ ಇಟ್ಟು ಸ್ಪೀಕರಿಗೆ ಕಿವಿ ಕೊಟ್ಟು ಕೂತಿದ್ದೆ. ರಾಗದ ಎಳೆ ಎಲ್ಲೂ ತುಂಡಾಗಲ್ಲ. ಒಂದು ಸ್ವರ ಸಾಯುವ ಮೊದಲೇ ಇನ್ನೊಂದು ಅದರ ಕೈ ಹಿಡಿದಿರುತ್ತೆ.

ಇನ್ನೊಂದು: 1920ರಲ್ಲಿ ಫಿಲಡೆಲ್ಫಿಯದಲ್ಲಿ ಬೀಥೊವನ್‌ನ 32 ಪಿಯಾನೊ ಸೊನಾಟಾಗಳನ್ನೂ (ಹಲವು ಭಾಗಗಳ ದೊಡ್ಡ ಕೃತಿಗಳು) ಸಭೆಯಲ್ಲಿ ನುಡಿಸಿದರು. ಹಾಗೆ ಮಾಡಿದವರಲ್ಲಿ ಜಗತ್ತಿಗೇ ಎರಡನೆಯವರು.

ಫಿಲ್ಲಿ ಕನ್ನಡತಿ
@ಹಳೇ ರೆಕಾರ್ಡು, ಸಣ್ಣ ತಿದ್ದುಪಡಿ ಸರ್. ಆ 'ಎರಡನೆಯವರು' ಮಾತು ಬಹಳ ಕಡೆ ಇದೆ. ಆದರೆ ಚಾರ್ಲ್ಸ್ ಹ್ಯಾಲೆ 1861ರಲ್ಲೇ ಲಂಡನ್ನಿನಲ್ಲಿ ಎಲ್ಲಾ ಸೊನಾಟಾ ನುಡಿಸಿದ್ದರು. ಆಮೇಲೆ ಹಾನ್ಸ್ ಫಾನ್ ಬ್ಯೂಲೊ. 1905ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಎಡ್ವಾರ್ ರಿಸ್ಲೆ. ಹಾಗಾಗಿ ಎರಡನೆಯವರು ಅಂತ ಹೇಳುವುದು ಬೇಡ. ಆದರೆ ಆರ್ಥರ್ ಶ್ನಾಬೆಲ್ ಬರ್ಲಿನ್ನಿನಲ್ಲಿ ಇದೇ ಕೆಲಸ ಮಾಡಿ ಲೋಕಪ್ರಸಿದ್ಧರಾದದ್ದು 1927ರಲ್ಲಿ, ಸಮರಾಫ್ ಆಗಿ ಏಳು ವರ್ಷದ ಮೇಲೆ. ಶ್ನಾಬೆಲ್ ಹೆಸರು ಎಲ್ಲರಿಗೂ ಗೊತ್ತು.

ಇನ್ನೂ ಒಂದು ಬೇಜಾರು ಹೇಳಿಕೊಳ್ಳಲೇ? ನಾನು ಫಿಲಡೆಲ್ಫಿಯಕ್ಕೆ ಬಂದು ಹನ್ನೆರಡು ವರ್ಷ. ಇಲ್ಲಿ ಸಂಗೀತ ಕೇಳುವ ಹಿರಿಯರ ಹತ್ತಿರ ಸಮರಾಫ್ ಅಂದರೆ ತಕ್ಷಣ ಬರುವ ಮಾತು, ಓ, ಸ್ಟೊಕೊವ್ಸ್ಕಿಯ ಹೆಂಡತಿ. ಫಿಲಡೆಲ್ಫಿಯ ಆರ್ಕೆಸ್ಟ್ರಾವನ್ನು ಎತ್ತರಕ್ಕೆ ಏರಿಸಿದ ಕಂಡಕ್ಟರ್ ಲಿಯೊಪೊಲ್ಡ್ ಸ್ಟೊಕೊವ್ಸ್ಕಿ ದೊಡ್ಡವರೇ, ಅನುಮಾನ ಇಲ್ಲ. ಆದರೆ ಅವರು ಸಿಕ್ಕಾಗ ನ್ಯೂಯಾರ್ಕಿನ ಒಂದು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಹೆಸರು ಮಾಡಿದ್ದವರು ಈಕೆ. 1909ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟೊಕೊವ್ಸ್ಕಿ ಮೊದಲ ಸಲ ದೊಡ್ಡ ಆರ್ಕೆಸ್ಟ್ರಾ ಮುಂದೆ ನಿಂತಾಗ ಚೈಕೊವ್ಸ್ಕಿಯ ಕನ್ಸರ್ಟೊ (ಆರ್ಕೆಸ್ಟ್ರಾ ಜೊತೆ ಪಿಯಾನೊ ನುಡಿಸುವ ಕೃತಿ) ನುಡಿಸಿದ್ದು ಈಕೆ. ಅದೇ ವರ್ಷ ಸಿನ್ಸಿನಾಟಿ ಆರ್ಕೆಸ್ಟ್ರಾದ ಕೆಲಸ ಅವರಿಗೆ ಸಿಗಲು ಬೇಕಾದವರ ಹತ್ತಿರ ಮಾತಾಡಿದ್ದೂ ಈಕೆ. 1911ರಲ್ಲಿ ಮದುವೆ, 1912ರಲ್ಲಿ ಫಿಲಡೆಲ್ಫಿಯ, 1921ರಲ್ಲಿ ಮಗಳು ಸೋನ್ಯಾ, 1923ರಲ್ಲಿ ವಿಚ್ಛೇದನ. ಹೆಂಡತಿ ಅನ್ನುವ ಹನ್ನೆರಡು ವರ್ಷವನ್ನು ಹಿಡಿದುಕೊಂಡು ಮಿಕ್ಕ ಐವತ್ತಾರು ವರ್ಷ ಮರೆತರೆ ಹೇಗೆ?

ಹಳೇ ರೆಕಾರ್ಡು
ತಿದ್ದಿದ್ದಕ್ಕೆ ಧನ್ಯವಾದ ಅಮ್ಮ. ಹ್ಯಾಲೆ ವಿಷಯ ನನಗೆ ಹೊಳೆದಿರಲಿಲ್ಲ. ಇನ್ನು ಮೇಲೆ ಸರಿಯಾಗಿ ಹೇಳುತ್ತೇನೆ.

ತುಂಗಾತೀರ
ಭುಜದ ವಿಷಯ ಯಾವಾಗ ಬರುತ್ತೆ? ಅದಕ್ಕೇ ಕಾಯುತ್ತಿದ್ದೇನೆ. ನಮ್ಮಮ್ಮನಿಗೂ ಇದೇ ತೊಂದರೆ. ನಲವತ್ತು ವರ್ಷ ವೀಣೆ ನುಡಿಸಿದವರು. ಈಗ ವೀಣೆಗೆ ಬಟ್ಟೆ ಮುಚ್ಚಿ ಕೋಣೆಯ ಮೂಲೆಗೆ ಇಟ್ಟಿದ್ದಾರೆ. ಧೂಳು ಒರೆಸಲೂ ಬಿಡುವುದಿಲ್ಲ.

ಕರಿಮನೆ
ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಆ ಬಟ್ಟೆ ಮುಚ್ಚುವುದು ನನಗೆ ಚೆನ್ನಾಗಿ ಅರ್ಥವಾಗುತ್ತೆ.

1925ರಲ್ಲಿ ಸಮರಾಫ್ ತಮ್ಮ ನ್ಯೂಯಾರ್ಕ್ ಮನೆಯಲ್ಲಿ ಬಿದ್ದರು. ಭುಜಕ್ಕೆ ಪೆಟ್ಟಾಯಿತು. ವೇದಿಕೆಯ ಬದುಕು ಅಲ್ಲಿಗೆ ಮುಗಿಯಿತು. ವಯಸ್ಸು 45ರ ಆಸುಪಾಸು. ಗಂಡನಿಂದ ದೂರವಾಗಿ ಎರಡು ವರ್ಷ. ಮಗಳಿಗೆ ಇನ್ನೂ ನಾಲ್ಕರ ಆಸುಪಾಸು.

ಆಮೇಲೆ ಏನು ಮಾಡಿದರು ಅನ್ನೋದು ನನಗೆ ಮುಖ್ಯ. 'ನ್ಯೂಯಾರ್ಕ್ ಈವನಿಂಗ್ ಪೋಸ್ಟ್' ಪತ್ರಿಕೆಗೆ ಸಂಗೀತ ವಿಮರ್ಶಕಿಯಾದರು. 1928ರವರೆಗೆ ಬರೆದರು. ಆ ಊರಿನ ದಿನಪತ್ರಿಕೆಯಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಇವರೇ. ಅದರ ಜೊತೆಗೇ ಪಾಠ. ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯ ಪಿಯಾನೊ ಅಧ್ಯಾಪಕರಲ್ಲಿ ಅಮೆರಿಕದಲ್ಲೇ ಹುಟ್ಟಿದ ಮೊದಲಿಗರು. ಅಂದರೆ ಇಪ್ಪತ್ತು ವರ್ಷದ ಹಿಂದೆ ಹೆಸರು ಬದಲಾಯಿಸು ಅನ್ನಿಸಿದ ಅದೇ ಗೋಡೆ. ಅದನ್ನು ಈ ಸಲ ಪಾಠದಿಂದ ದಾಟಿದರು. ಫಿಲಡೆಲ್ಫಿಯ ಕನ್ಸರ್ವೇಟರಿಯಲ್ಲೂ ಹೇಳಿಕೊಡಲು ಶುರುಮಾಡಿದರು. ಎರಡೂ ಊರಿಗೆ ಸುಮಾರು 150 ಕಿಲೋಮೀಟರ್ ದೂರ. ನಮ್ಮ ಬೆಂಗಳೂರು ಮೈಸೂರು ಇದ್ದ ಹಾಗೆ. ಕೊನೆಯವರೆಗೂ ಎರಡೂ ಕಡೆ ಪಾಠ ಬಿಡಲಿಲ್ಲ.

ವಿದ್ಯಾರ್ಥಿಗಳು ಅವರನ್ನು ಕರೆಯುತ್ತಿದ್ದದ್ದು 'ಮೇಡಂ' ಅಂತ. ನಾವು ಟೀಚರನ್ನು ಕರೆಯುವ ಹಾಗೇ. ಲೂಸಿ ಹೋಯಿತು, ಓಲ್ಗಾ ಏಜೆಂಟ್‌ಗೋಸ್ಕರ ಬಂತು, ಸ್ಟೊಕೊವ್ಸ್ಕಿ ಮದುವೆಯಿಂದ ಬಂತು. ಮೇಡಂ ಅನ್ನೋದನ್ನು ಮಾತ್ರ ಮಕ್ಕಳು ಕೊಟ್ಟರು. ಅಮೆರಿಕದಲ್ಲಿ 1929ರ ನಂತರ ಎಲ್ಲಿ ನೋಡಿದರೂ ಕೆಲಸ ಇಲ್ಲದ ಕಾಲ. ಊಟಕ್ಕೆ ಕಷ್ಟ ಇದ್ದ ವಿದ್ಯಾರ್ಥಿಗಳಿಗೆ ಊಟ ಹಾಕುತ್ತಿದ್ದರು. ಕಛೇರಿಗೆ ಹಾಕಿಕೊಳ್ಳಲು ಬಟ್ಟೆ ಕೊಡಿಸುತ್ತಿದ್ದರು. ಜೂಲಿಯಾರ್ಡ್‌ನಲ್ಲಿ ಒಂದು ಹಾಸ್ಟೆಲ್ ಕಟ್ಟಿ ಅಂತ ಆಡಳಿತದವರ ಹಿಂದೆ ಬಿದ್ದಿದ್ದರು. ಅದು ಕಟ್ಟಿದ್ದು ಇವರು ತೀರಿಕೊಂಡು ಎಷ್ಟೋ ದಶಕ ಆದ ಮೇಲೆ.

ಹಾರ್ಮೋನಿಯಂ ಮೇಷ್ಟ್ರು
ನಾನು ಧಾರವಾಡದವ. ಪಿಯಾನೊ ನನಗ ಗೊತ್ತಿಲ್ಲ, ಆದರ ಪಾಠದ ವಿಷಯ ಬಂದದ್ದಕ್ಕ ಬರೆಯುತ್ತಿದ್ದೇನೆ. ಈ ಸಮರಾಫ್ ಬಾಯಿಯವರ ಪಾಠದ ಪದ್ಧತಿ ಹೆಂಗಿತ್ತು ಅಂತ ಯಾರಾದರೂ ಹೇಳಿರಿ. ಸ್ವತಃ ನುಡಿಸಿ ತೋರಿಸದೆ ಕಲಿಸುವುದು ಹೆಂಗ? ನಮ್ಮಲ್ಲಿ ಗುರುಗಳ ಹಿಂದ ತಂಬೂರಿ ಹಿಡಕೊಂಡು ವರ್ಷಗಟ್ಟಲೆ ಕೂಡತಾರ. ಅವರು ಹಾಡಿದ್ದನ್ನ ಹಾಡಬೇಕು. ಹಂಗ ಕೂತು ಕೂತು ಒಳಗ ಇಳೀಬೇಕು.

ಕರಿಮನೆ
ಮೇಷ್ಟ್ರೇ, ನಾನು ಕಾಯುತ್ತಿದ್ದ ಪ್ರಶ್ನೆ ಇದು. ಸಮರಾಫ್ ಅವರ ಇಡೀ ಪಾಠ ನಿಂತಿದ್ದದ್ದು ಒಂದೇ ಮಾತಿನ ಮೇಲೆ. ಶಿಷ್ಯರು ಗುರುವಿನ ನಕಲು ಆಗಬಾರದು. ಬರೆದಿಟ್ಟ ಸ್ವರಲಿಪಿ ಮುಂದಿದೆ. ಅದನ್ನು ಸರಿಯಾಗಿ ಓದು, ಅಲ್ಲಿ ಏನಿದೆಯೋ ಅದಕ್ಕೆ ನಿಷ್ಠೆಯಿಂದಿರು, ಆಮೇಲೆ ನಿನ್ನ ಬುದ್ಧಿಯಿಂದ ತೀರ್ಮಾನ ಮಾಡು. ನನ್ನ ಹಾಗೆ ನುಡಿಸು ಅನ್ನೋದು ಅವರ ಪಾಠದಲ್ಲಿ ಇರಲಿಲ್ಲ. ಒಬ್ಬರ ಪಾಠಕ್ಕೆ ಇನ್ನೊಬ್ಬರು ಕೂತು ಕೇಳುವಂತೆಯೂ ಮಾಡುತ್ತಿದ್ದರು.

ಇದಕ್ಕೆ ಒಳ್ಳೆಯ ಉದಾಹರಣೆ ರೊಸಾಲಿನ್ ಟ್ಯುರೆಕ್. ಮುಂದೆ ಜರ್ಮನಿಯ ಹಳೇ ಸಂಯೋಜಕ ಬಾಖ್ ಅಂದರೆ ಟ್ಯುರೆಕ್ ಅನ್ನುವಷ್ಟು ದೊಡ್ಡವರಾದರು. ಆಗಿನ್ನೂ ಹದಿನೇಳು ತುಂಬದ ಹುಡುಗಿ. ಬಾಖ್‌ನ ಒಂದು ಫ್ಯೂಗ್ (ಒಂದೇ ಎಳೆ ಬೇರೆ ಬೇರೆ ದನಿಗಳಲ್ಲಿ ಹಿಂದೆ ಹಿಂದೆ ಬರುವ ಕೃತಿ) ಅಭ್ಯಾಸ ಮಾಡುತ್ತಿದ್ದಾಗ ಇದನ್ನು ನುಡಿಸಲು ಪೂರ್ತಿ ಬೇರೆಯದೇ ದಾರಿ ಇದೆ ಅಂತ ಹೊಳೆಯಿತಂತೆ. ಎರಡು ದಿನ ಕೂತು ನಾಲ್ಕೇ ಸಾಲಿಗೆ ಆ ದಾರಿ ಹುಡುಕಿಕೊಂಡು ಮೇಡಂ ಮುಂದೆ ನುಡಿಸಿದರು. ಚೆನ್ನಾಗಿದೆ, ಆದರೆ ಇದು ಆಗುವ ಕೆಲಸವಲ್ಲ ಅಂತ ಮೇಡಂ ಹೇಳಿದ್ದಾಗಿ ಟ್ಯುರೆಕ್ ಮುಂದೆ ಎಷ್ಟೋ ಕಡೆ ನೆನೆಸಿಕೊಂಡಿದ್ದಾರೆ. ಆದರೂ ಹುಡುಗಿ ತನ್ನ ದಾರಿ ಬಿಡಲಿಲ್ಲ. 1937ರಲ್ಲಿ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಬರೀ ಬಾಖ್‌ನದೇ ಆರು ಕಛೇರಿ ಕೊಟ್ಟರು.

ಇಲ್ಲಿ ಗುರು ಹೇಳಿದ್ದು ತಪ್ಪಾಯಿತು. ನನಗೆ ಇಷ್ಟವಾಗುವುದೇ ಅದು. ಆಗಲ್ಲ ಅಂದ ಗುರುವಿನ ಮನೆಯಲ್ಲೇ ಆ ಹುಡುಗಿ ಬೆಳೆದಳು.

ಹಾರ್ಮೋನಿಯಂ ಮೇಷ್ಟ್ರು
ಮಾತು ಚೆನ್ನಾಗಿದೆ. ಆದರ ನಾನು ಪೂರ್ತಿ ಒಪ್ಪೂದಿಲ್ಲರಿ. ಮೊದಲ ನಕಲು ಮಾಡಿದವಗ ಮುಂದ ಸ್ವಂತದ್ದು ಬರತದ. ಕೈಯಾಗ ಏನೂ ಇಲ್ಲದ ಹುಡುಗಗ ನಿನ್ನ ಬುದ್ಧಿಯಿಂದ ತೀರ್ಮಾನ ಮಾಡು ಅಂದರ ಏನು ಮಾಡ್ಯಾನು? ನಿಮ್ಮ ಕಡೆ ಸ್ವರಲಿಪಿ ಅದ. ನಮ್ಮ ಕಡೆ ಗುರುವಿನ ಗಂಟಲೇ ಸ್ವರಲಿಪಿ.

ಫಿಲ್ಲಿ ಕನ್ನಡತಿ
ಮೇಷ್ಟ್ರ ಮಾತಿನಲ್ಲಿ ಹುರುಳಿದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಇವರ ಹತ್ತಿರ ಬರುತ್ತಿದ್ದವರು ಆಗಲೇ ಕೈ ಪಳಗಿದ್ದವರು. ಅ ಆ ಇ ಈ ಕಲಿಯಲು ಬಂದವರಲ್ಲ.

ಆದರೆ ಆ ಶಿಷ್ಯರನ್ನು ಒಬ್ಬೊಬ್ಬರಾಗಿ ನೋಡಿ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ವಿಲಿಯಂ ಕಪೆಲ್ ಬೆಂಕಿ. ಟ್ಯುರೆಕ್ ಬಾಖ್‌ಗೇ ಮುಡಿಪು. ರೇಮಂಡ್ ಲೆವೆಂತಾಲ್ ಯಾರೂ ಮುಟ್ಟದ ಫ್ರೆಂಚ್ ಸಂಯೋಜಕ ಅಲ್ಕಾನ್‌ನ ಕೃತಿಗಳನ್ನು ಹೊರತೆಗೆದವರು. ವಿನ್ಸೆಂಟ್ ಪರ್ಸಿಕೆಟ್ಟಿ ದೊಡ್ಡ ಸಂಯೋಜಕರಾದರು. ಅಲೆಕ್ಸಿಸ್ ವೈಸೆನ್‌ಬರ್ಗ್ ಬಲ್ಗೇರಿಯದಲ್ಲಿ ಹುಟ್ಟಿ, ಯುದ್ಧದ ಕಾಲದಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದವರು. ನಟಾಲಿ ಹಿಂಡೆರಾಸ್ ಕಪ್ಪು ಜನಾಂಗದ ಹೆಣ್ಣುಮಗಳು. ಆ ಬಣ್ಣದ ಪಿಯಾನೊ ವಾದಕಿಗೆ ದೊಡ್ಡ ವೇದಿಕೆಗಳು ಬಾಗಿಲು ತೆರೆಯದ ಕಾಲದಲ್ಲಿ ಸಮರಾಫ್ ಹತ್ತಿರ ಕಲಿತರು. ಮುಂದೆ ನಮ್ಮ ಊರಿನ ಟೆಂಪಲ್ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡಿದರು.

ಯೂಜಿನ್ ಲಿಸ್ಟ್ ಕಥೆ ಗೊತ್ತಾ? 1934ರಲ್ಲಿ, ಹದಿನಾರನೇ ವಯಸ್ಸಿಗೆ, ಶೊಸ್ತಕೊವಿಚ್‌ನ ಮೊದಲ ಪಿಯಾನೊ ಕನ್ಸರ್ಟೊವನ್ನು ಅಮೆರಿಕದಲ್ಲೇ ಮೊದಲ ಬಾರಿಗೆ ಫಿಲಡೆಲ್ಫಿಯದಲ್ಲಿ ನುಡಿಸಿದ ಹುಡುಗ. ಆರ್ಕೆಸ್ಟ್ರಾ ನಡೆಸಿದ್ದು ಸ್ಟೊಕೊವ್ಸ್ಕಿ. ಸಮರಾಫ್ ಅವರಿಂದ ದೂರವಾಗಿ ಹನ್ನೊಂದು ವರ್ಷವಾಗಿತ್ತು. ಆದರೂ ಆಕೆಯ ಶಿಷ್ಯನಿಗೆ ಆತನ ಆರ್ಕೆಸ್ಟ್ರಾದಲ್ಲಿ ಜಾಗವಿತ್ತು. ನನಗೆ ಇದು ತುಂಬಾ ಹಿಡಿಸಿತು. ಅದೇ ಹುಡುಗ 1945ರಲ್ಲಿ ಸೈನ್ಯದ ಸಮವಸ್ತ್ರದಲ್ಲಿ ಪಾಟ್ಸ್‌ಡ್ಯಾಮ್‌ಗೆ ಹೋಗಿ ಟ್ರೂಮನ್, ಚರ್ಚಿಲ್, ಸ್ಟಾಲಿನ್ ಮುಂದೆ ನುಡಿಸಿದ. ಶೋಪ್ಯಾನ್‌ನ ಒಂದು ವಾಲ್ಟ್ಸ್ ಬಾಯಿಪಾಠ ಇರಲಿಲ್ಲ. ಪುಟ ತಿರುಗಿಸಿಕೊಟ್ಟಿದ್ದು ಅಧ್ಯಕ್ಷ ಟ್ರೂಮನ್.

ಹಳೇ ರೆಕಾರ್ಡು
ಕಪೆಲ್ ಹೆಸರು ಬಂತಲ್ಲ, ಎದೆ ಭಾರವಾಯಿತು. 1953ರಲ್ಲಿ ಆಸ್ಟ್ರೇಲಿಯಾದಲ್ಲಿ ಕಛೇರಿ ಮುಗಿಸಿ ಬರುವಾಗ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ವಿಮಾನ ಬೆಟ್ಟಕ್ಕೆ ಬಡಿದು ಹೋದರು. 31 ವರ್ಷ. ಮೇಡಂ ಅದಕ್ಕೂ ಐದು ವರ್ಷ ಮುಂಚೆ ಹೋಗಿದ್ದರು. ಆ ಸುದ್ದಿ ಕೇಳುವ ಹಣೆಬರಹ ಅವರಿಗೆ ಬರಲಿಲ್ಲ.

ಕಪೆಲ್ ಅವರ ಖಚತುರಿಯನ್ ಕನ್ಸರ್ಟೊ ಒಮ್ಮೆ ಕೇಳಿ. ಆಮೇಲೆ ಟ್ಯುರೆಕ್ ಅವರ ಬಾಖ್ ಕೇಳಿ. ಇಬ್ಬರೂ ಒಂದೇ ಮನೆಯಲ್ಲಿ ಕಲಿತವರು ಅಂತ ಹೇಳಿದರೆ ಯಾರೂ ನಂಬುವುದಿಲ್ಲ.

ತುಂಗಾತೀರ
ಕರಿಮನೆ ಮೇಡಂ, ನಿಮ್ಮ ಪಾಠ ಏನಾಯಿತು? ಮಕ್ಕಳನ್ನು ಕಳಿಸಿದಿರಾ?

ಕರಿಮನೆ
ಕಳಿಸಲಿಲ್ಲ. ಒಂದು ದಿನ ನಡೆದದ್ದನ್ನು ಹೇಳುತ್ತೇನೆ.

ಒಂಬತ್ತು ವರ್ಷದ ಹುಡುಗಿ. ಜಿ ಮೇಜರ್‌ನ ಆ ಪುಟ್ಟ ಮಿನುಯೆಟ್, ಎಲ್ಲಾ ಮಕ್ಕಳೂ ಕಲಿಯುವುದು. ಕೊನೆಯ ಸಾಲಿಗೆ ಬಂದಾಗ ಎಂದಿನ ಹಾಗೆ, ಮಿಸ್ ನೀವು ನುಡಿಸಿ ತೋರಿಸಿ ಅಂದಳು. ಮುಂಚೆ ಆಗಿದ್ದರೆ ಅವಳನ್ನು ಪಕ್ಕಕ್ಕೆ ಸರಿಸಿ ನುಡಿಸಿಬಿಡುತ್ತಿದ್ದೆ. ಅವಳೂ ಹಾಗೇ ನುಡಿಸುತ್ತಿದ್ದಳು. ಅವತ್ತು ಕೈ ಮೇಲೇಳಲಿಲ್ಲ. ಕೈ ನೋವಿದೆ ಪುಟ್ಟ, ನೀನೇ ನೋಡು, ಹೇಗೆ ಮುಗಿಸಿದರೆ ಮುಗಿಯಿತು ಅನ್ನಿಸುತ್ತೆ ಅಂತ ಕೇಳಿದೆ.

ಒಮ್ಮೆ ಜೋರಾಗಿ ಮುಗಿಸಿದಳು. ತಲೆ ಅಲ್ಲಾಡಿಸಿದಳು. ಇನ್ನೊಮ್ಮೆ ನಿಧಾನ ಮಾಡಿದಳು. ತೀರಾ ನಿಧಾನವಾಗಿ ನಿಂತೇಹೋಯಿತು. ಮೂರನೇ ಸಲ ಕೊನೆಯ ಸ್ವರ ಒತ್ತಿ ಬೆರಳು ತೆಗೆಯಲೇ ಇಲ್ಲ. ಸದ್ದು ಸಣ್ಣದಾಗುತ್ತಾ ಸಣ್ಣದಾಗುತ್ತಾ ಹೋಯಿತು. ಹೊರಗೆ ತರಕಾರಿ ಗಾಡಿಯವನು ಕೂಗಿದ. ಅವಳು ಅಲುಗಾಡಲಿಲ್ಲ. ಪೂರ್ತಿ ನಿಂತ ಮೇಲೆ ಮಣಿಕಟ್ಟು ಮೆಲ್ಲಗೆ ಎತ್ತಿ ನನ್ನ ಮುಖ ನೋಡಿದಳು.

ಹದಿನೈದು ವರ್ಷದಿಂದ ಆ ಮಿನುಯೆಟ್ ಹೇಳಿಕೊಡುತ್ತಿದ್ದೇನೆ. ಆ ಸ್ವರವನ್ನು ಅಷ್ಟು ಹೊತ್ತು ನಾನು ಒಂದು ಸಲವೂ ಕೇಳಿರಲಿಲ್ಲ.

ಈಗ ಭುಜ ಮುಕ್ಕಾಲು ಪಾಲು ಸರಿಹೋಗಿದೆ. ನುಡಿಸುತ್ತೇನೆ. ಆದರೆ ಪಾಠದಲ್ಲಿ ಕೈ ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ. ಮೇಷ್ಟ್ರು ಹೇಳಿದ್ದು ನಿಜ, ತೀರಾ ಹೊಸಬರಿಗೆ ತೋರಿಸಲೇಬೇಕು. ಬೆರಳು ಹೇಗೆ ಬಾಗಬೇಕು ಅನ್ನೋದನ್ನು ಮಾತಲ್ಲಿ ಹೇಳಲು ಆಗಲ್ಲ. ಆದರೆ ಅದು ಬಂದ ಮೇಲೂ ನಾನು ಜಾಸ್ತಿ ತೋರಿಸುತ್ತಿದ್ದೆ.

ತುಂಗಾತೀರ
ಇದನ್ನು ಅಮ್ಮನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಆ ಹುಡುಗಿ ಹೆಸರೇನಂತೆ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಪಕ್ಕದ ಮನೆ ಮಗು ವೀಣೆ ಕಲಿಯಬೇಕು ಅಂತ ಎರಡು ವರ್ಷದಿಂದ ಕೇಳುತ್ತಿದೆ. ನೋಡೋಣ.

ಸಮರಾಫ್ ಕೊನೆಗಾಲ ಹೇಗಿತ್ತು?

ಫಿಲ್ಲಿ ಕನ್ನಡತಿ
ಸಂಗೀತ ಕಲಿಯದ ಸಾಮಾನ್ಯ ಜನರಿಗೆ ಕೇಳುವುದನ್ನು ಕಲಿಸಬೇಕು ಅಂತ 1930ರ ದಶಕದಲ್ಲಿ ಬೇರೆಯದೇ ತರಗತಿಗಳನ್ನು ಶುರುಮಾಡಿದ್ದರು. ನುಡಿಸುವವರು ಮಾತ್ರ ಸಾಲದು, ಕೇಳುವವರೂ ಬೇಕಲ್ಲ. 1939ರಲ್ಲಿ ಆತ್ಮಕಥೆ ಬರೆದರು. 1948ರ ಮೇ 17ರಂದು ಎಂದಿನ ಹಾಗೆ ಶಿಷ್ಯರಿಗೆ ಪಾಠ ಮಾಡಿದರು. ಅದೇ ಸಂಜೆ ನ್ಯೂಯಾರ್ಕಿನ ಮನೆಯಲ್ಲಿ ಹೃದಯಾಘಾತವಾಗಿ ಹೋದರು. 67 ವರ್ಷ.

ಹಾರ್ಮೋನಿಯಂ ಮೇಷ್ಟ್ರು
ನಿನ್ನೆ ಸಂಜಿ ಇಬ್ಬರು ಹುಡುಗರು ಬಂದಿದ್ದರು. ಯಮನ್ ರಾಗ ನಡೆದದ. ನಾನು ಹಾರ್ಮೋನಿಯಂ ಮುಚ್ಚಿ ಕೂತೆ. ಬರೀ ತಂಬೂರಿ. ದೊಡ್ಡವ ಆಲಾಪ ಮಾಡುವಾಗ ಪ ಮ ಗ ರೆ ಬಂದು, ರೆ ಮ್ಯಾಲ ನಿಲ್ಲುವ ಬದಲಿಗೆ ಗ ಮ್ಯಾಲ ನಿಂತ. ನಾನು ಹಂಗ ಕಲಿಸಿಲ್ಲ. ನಮ್ಮ ಗುರುಗಳೂ ಹಂಗ ಕಲಿಸಿಲ್ಲ. ತಿದ್ದಬೇಕು ಅಂತ ಬಾಯಿ ತೆಗೆದೆ. ನಿಮ್ಮ ಸಮರಾಫ್ ಬಾಯಿಯವರ ನೆನಪಾತು.

ಯಾಕ ಅಲ್ಲಿ ನಿಂತಿ ಅಂತ ಕೇಳಿದೆ. ಗೊತ್ತಿಲ್ಲರಿ ಸರ, ಅಲ್ಲೇ ಇರಬೇಕು ಅನ್ನಿಸ್ತು ಅಂದ. ಮತ್ತೊಮ್ಮೆ ಹಾಡು ಅಂತ ಹೇಳಿದೆ.